‘ಸಮ’ ಮತ್ತು ‘ಸಾಕಷ್ಟು’: ಒಂದು ತೀರ್ಪಿನ ಪದವಿಮರ್ಶೆ

ನ್ಯಾಯಸ್ಥಾನದ ತೀರ್ಪನ್ನು ವಿಮರ್ಶೆಗೆ ವಸ್ತುವಾಗಿ ತೆಗೆದುಕೊಳ್ಳುವುದು ಸಾಹಿತ್ಯದ ಉಪಾಧ್ಯಾಯರಿಗೆ ವಿಚಿತ್ರವಾಗಿ ತೋರಬಹುದು. ಆದರೆ ತೀರ್ಪೂ ಪದಗಳಿಂದಲೇ ಕಟ್ಟಿದ ಕೃತಿ. ಪದಗಳ ಅರ್ಥವನ್ನು ನಿಷ್ಕರ್ಷೆ ಮಾಡುವುದೇ ಅದರ ಮುಖ್ಯ ವ್ಯಾಪಾರ. ಕಾವ್ಯದಲ್ಲಿ ಒಂದು ಪದ ಸ್ಥಾನಭ್ರಷ್ಟವಾದರೆ ರಸಭಂಗವಾದೀತು, ಅಷ್ಟೆ. ಇಲ್ಲಿ ಹಾಗಾದರೆ ಅದರ ಫಲವನ್ನು ಉಣ್ಣತಕ್ಕವರು ಶಾಲೆಯ ಮಕ್ಕಳು. ಪ್ರಕೃತ ಪರಿಶೀಲನೆಗೆ ಆರಿಸಿಕೊಂಡಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಸ್ಥಾನವು 1973ನೆಯ ಇಸವಿ ಮಾರ್ಚಿ 21ರಂದು ಕೊಟ್ಟ, ಸ್ಯಾನ್ ಆಂಟೋನಿಯೊ ವಿದ್ಯಾಪ್ರಾಂತಕ್ಕೂ ರೋಡ್ರಿಗೆಸ್ ಎಂಬವರಿಗೂ ನಡೆದ ವ್ಯಾಜ್ಯದ ತೀರ್ಪು. ಐವರು ಒಂದು ಪಕ್ಷ, ನಾಲ್ವರು ಇನ್ನೊಂದು ಪಕ್ಷ. ಬಹುಮತದ ತೀರ್ಪನ್ನು ಬರೆದವರು ಲೂಯಿಸ್ ಪವೆಲ್; ಭಿನ್ನಮತಗಳಲ್ಲಿ ಪ್ರಮುಖವಾದುದು ಥರ್‌ಗುಡ್ ಮಾರ್ಷಲ್ಲರದು.

ವ್ಯಾಜ್ಯದ ಸ್ವರೂಪವನ್ನು ಮೊದಲು ತಿಳಿಯಬೇಕು. ಟೆಕ್ಸಾಸ್ ಸಂಸ್ಥಾನದಲ್ಲಿ ಸಾರ್ವಜನಿಕ ಶಾಲೆಯ ಹಣವು ಮೂರು ಮೂಲಗಳಿಂದ ಬರುತ್ತಿತ್ತು: ಸಂಸ್ಥಾನದ ಅಡಿಪಾಯ ಯೋಜನೆ, ಕೇಂದ್ರ ಸರ್ಕಾರದ ಸಹಾಯ, ಮತ್ತು ಆಯಾ ಪ್ರಾಂತದ ಮನೆ ಜಮೀನುಗಳ ಮೇಲಿನ ತೆರಿಗೆ. ಸ್ಯಾನ್ ಆಂಟೋನಿಯೊ ಪ್ರದೇಶದ ಎಜ್‌ವುಡ್ ಪ್ರಾಂತದಲ್ಲಿ ಸುಮಾರು 22,000 ಮಕ್ಕಳು. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಮೆಕ್ಸಿಕೊ ಮೂಲದವರು. ಅಲ್ಲಿ ಮಗುವೊಂದಕ್ಕೆ ಬೀಳುವ ಸ್ಥಿರಾಸ್ತಿಯ ಬೆಲೆ 5,960 ಡಾಲರು. ನೂರು ಡಾಲರಿಗೆ 1.05 ಡಾಲರಿನಂತೆ ತೆರಿಗೆ ಹಾಕಿಕೊಂಡು, ಅಡಿಪಾಯ ಯೋಜನೆಗೆ ಸಲ್ಲಿಸಬೇಕಾದ ಪಾಲನ್ನು ಕಳೆದು, ಆ ಜನ 1967-68ರಲ್ಲಿ ಮಗುವೊಂದಕ್ಕೆ ಕೂಡಿಸಿದ ಹಣ 26 ಡಾಲರು. ಅದೇ ಪ್ರದೇಶದ ಅಲಾಮೊ ಹೈಟ್ಸ್ ಎಂಬ ಸಿರಿವಂತರ ಪ್ರಾಂತದಲ್ಲಿ ಮಗುವೊಂದಕ್ಕೆ ಸ್ಥಿರಾಸ್ತಿಯ ಬೆಲೆ 49,000 ಡಾಲರಿಗೂ ಮೇಲೆ. ತೆರಿಗೆಯ ದರ 0.85 ಡಾಲರು ಮಾತ್ರ. ಕೂಡಿದ ಹಣ 333 ಡಾಲರು. ಎಲ್ಲ ಮೂಲಗಳನ್ನೂ ಸೇರಿಸಿದರೆ ಎಜ್‌ವುಡ್ಡಿನ ಮಗುವಿಗೆ 356 ಡಾಲರು, ಅಲಾಮೊ ಹೈಟ್ಸಿನ ಮಗುವಿಗೆ 594 ಡಾಲರು. ಹೆಚ್ಚು ತೆತ್ತವನಿಗೆ ಕಡಮೆ, ಕಡಮೆ ತೆತ್ತವನಿಗೆ ಹೆಚ್ಚು! ಏರುಪೇರನ್ನು ಸರಿಪಡಿಸುವುದಕ್ಕೆಂದು ಏರ್ಪಟ್ಟ ಅಡಿಪಾಯ ಯೋಜನೆಯಿಂದ ಬಡಪ್ರಾಂತಕ್ಕೆ ಬಂದುದು 222, ಸಿರಿವಂತ ಪ್ರಾಂತಕ್ಕೆ ಬಂದುದು 225.

ಈ ಅಂಕಿಗಳನ್ನೆಲ್ಲ ಪವೆಲ್ಲರು ತಮ್ಮ ತೀರ್ಪಿನ ಮೊದಲ ಭಾಗದಲ್ಲಿಯೇ ಮರೆಮಾಚದೆ ಕೊಟ್ಟಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ನಮ್ಮ ಶಾಸ್ತ್ರಕಾರರ ಪರಿಭಾಷೆಯಲ್ಲಿ ಹೇಳುವುದಾದರೆ, ಪೂರ್ವಪಕ್ಷವನ್ನು ಅವರು ದುರ್ಬಲಗೊಳಿಸಲಿಲ್ಲ. ದೋಷವಿರುವುದು ಸಿದ್ಧಾಂತದಲ್ಲಿ: ಅದು ಈ ಪೂರ್ವಪಕ್ಷಕ್ಕೆ ಉತ್ತರವಾಗದೆ ಬೇರೊಂದಕ್ಕೆ ಉತ್ತರವಾಗಿದೆ. ವಾದಿಗಳು ಕೇಳಿದ್ದು ‘ಸಮ’ವಾದ ರಕ್ಷಣೆಯನ್ನು, ರಾಜ್ಯಾಂಗದ 14ನೆಯ ತಿದ್ದುಪಡಿಯಲ್ಲಿರುವುದೂ ಆ ಪದವೇ. ತೀರ್ಪು ಮಾತ್ರ ಮೆಲ್ಲಮೆಲ್ಲನೆ ಆ ಪದವನ್ನು ಬಿಟ್ಟು ‘ಕನಿಷ್ಠ’ ಎಂಬ ಅರ್ಥದ ಕಡೆಗೆ ಸರಿಯುತ್ತದೆ. ವಿದ್ಯಾಭ್ಯಾಸವು ರಾಜ್ಯಾಂಗದಲ್ಲಿ ಸ್ಪಷ್ಟವಾಗಿಯಾಗಲಿ ಗರ್ಭಿತವಾಗಿಯಾಗಲಿ ಉಕ್ತವಾದ ಹಕ್ಕಲ್ಲವೆಂದೂ, ಮಾತಿನ ಸ್ವಾತಂತ್ರ್ಯಕ್ಕೂ ಮತದಾನಕ್ಕೂ ಇಂತಿಷ್ಟು ವಿದ್ಯೆ ಬೇಕೆಂದು ಒಪ್ಪಿದರೂ ಅಷ್ಟನ್ನು ಟೆಕ್ಸಾಸ್ ಕೊಡುತ್ತಿಲ್ಲವೆಂದು ಯಾರೂ ಸಾಧಿಸಿಲ್ಲವೆಂದೂ, ಎಜ್‌ವುಡ್ಡಿನ ಮಕ್ಕಳು ವಿದ್ಯೆಯಿಂದ ಪೂರ್ಣವಾಗಿ ವಂಚಿತರಾಗಿಲ್ಲವೆಂದೂ ವಾದವು ಹರಿಯುತ್ತದೆ. ಅಣ್ಣತಮ್ಮಂದಿರ ಪಾಲುಪಾರೀಕತ್ತಿನಲ್ಲಿ ತಮ್ಮನು ಸಮಪಾಲು ಕೇಳಿದಾಗ, ನೀನು ಉಪವಾಸವೇನೂ ಇಲ್ಲವಲ್ಲ ಎಂದು ಪಂಚಾಯಿತರು ಹೇಳಿದಂತಾಯಿತು. ಮಾರ್ಷಲ್ಲರು ಹಿಡಿದದ್ದು ಈ ಜಾರುವಿಕೆಯನ್ನೇ. ಸಮರಕ್ಷಣೆಯ ವಿಧಿಯು ಕನಿಷ್ಠವನ್ನು ಅಳೆಯಲು ಹುಟ್ಟಿದ್ದಲ್ಲ, ಸಂಸ್ಥಾನವು ತಾನೇ ಮಾಡಿದ ಅಕಾರಣವಾದ ಭೇದವನ್ನು ಅಳೆಯಲು ಹುಟ್ಟಿದ್ದು ಎಂದು ಅವರು ತೋರಿಸಿಕೊಟ್ಟಿದ್ದಾರೆ. 1954ರ ಬ್ರೌನ್ ವ್ಯಾಜ್ಯದಲ್ಲಿ ಕರಿಯ ಮಕ್ಕಳ ಪರವಾಗಿ ವಾದಿಸಿದ ವಕೀಲರು ಇವರೇ ಎಂಬುದನ್ನು ನೆನೆದರೆ ಆ ಗದ್ಯದ ಬಿಸಿ ಎಲ್ಲಿಂದ ಬಂದಿತೆಂಬುದು ತಿಳಿಯುತ್ತದೆ.

ಪವೆಲ್ಲರಿಗೂ ನ್ಯಾಯ ಮಾಡಬೇಕು. ಅವರು 1952ರಿಂದ 1961ರವರೆಗೆ ರಿಚ್‌ಮಂಡ್ ನಗರದ ಶಾಲಾಮಂಡಲಿಯ ಅಧ್ಯಕ್ಷರಾಗಿದ್ದವರು. ಊರಿನ ಶಾಲೆ ಊರಿನವರ ಕೈಯಲ್ಲಿರಬೇಕೆಂಬುದು ಅವರಿಗೆ ಅನುಭವದ ಮಾತು. ತೆರಿಗೆಯ ವಿಷಯದಲ್ಲಿ ನ್ಯಾಯಾಧೀಶರು ಪರಿಣತರಲ್ಲವೆಂಬ ಅವರ ಸಂಕೋಚವೂ ಕೃತಕವಾದುದಲ್ಲ. ಆದರೆ ಸ್ಥಳೀಯ ಸ್ವಾತಂತ್ರ್ಯವೇ ಈ ಪದ್ಧತಿಯ ಪುರುಷಾರ್ಥವಾದರೆ, ಅದು ಎಜ್‌ವುಡ್ಡಿಗೆ ಎಲ್ಲಿ ದೊರೆಯಿತು? ತೆರಿಗೆ ಹಾಕಲು ಆಸ್ತಿಯೇ ಇಲ್ಲದವನಿಗೆ ತೆರಿಗೆಯ ದರವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬರಿಯ ಶಬ್ದ. ನ್ಯಾಯಮೂರ್ತಿ ವೈಟರ ಭಿನ್ನಮತದ ತಿರುಳು ಇದು. ಇನ್ನು ಬಹುಮತಕ್ಕೆ ಸೇರಿದ ಸ್ಟೂವರ್ಟರಂತೂ ಈ ಪದ್ಧತಿಯನ್ನು ಅವ್ಯವಸ್ಥಿತವೆಂದೂ ಅನ್ಯಾಯವೆಂದೂ ಕರೆಯಲು ಅಡ್ಡಿಯಿಲ್ಲವೆಂದು ಬರೆದು, ಆದರೂ ಅದು ರಾಜ್ಯಾಂಗಕ್ಕೆ ವಿರುದ್ಧವಲ್ಲವೆಂದು ಸಹಿ ಹಾಕಿದರು. ಈ ಗ್ರಂಥದಲ್ಲಿ ನನಗೆ ಅತ್ಯಂತ ವಿಷಾದಕರವಾಗಿ ಕಂಡ ಸ್ಥಳ ಅದು.

ಮುಂದಿನ ಕಥೆ ಪದಗಳ ವಲಸೆಯ ಕಥೆ. ಈ ತೀರ್ಪು ಬಂದ ಹದಿಮೂರನೆಯ ದಿನ, 1973ನೆಯ ಏಪ್ರಿಲ್ 3ರಂದು, ನ್ಯೂ ಜರ್ಸಿಯ ನ್ಯಾಯಸ್ಥಾನವು ತನ್ನ ಸಂಸ್ಥಾನದ ರಾಜ್ಯಾಂಗಕ್ಕೆ 1875ರಲ್ಲಿ ಸೇರಿಸಿದ್ದ ‘ಸಮಗ್ರವೂ ದಕ್ಷವೂ’ ಆದ ಶಾಲಾವ್ಯವಸ್ಥೆ ಎಂಬ ಮಾತನ್ನು ಹಿಡಿದು, ಅಲ್ಲಿಯ ಧನವ್ಯವಸ್ಥೆಯನ್ನು ಅಸಿಂಧುವೆಂದಿತು; 1990ರಲ್ಲಿ ಅದೇ ನ್ಯಾಯಸ್ಥಾನ ಬಡ ನಗರಪ್ರಾಂತಗಳ ವೆಚ್ಚ ಸಿರಿವಂತ ಉಪನಗರಗಳ ವೆಚ್ಚಕ್ಕೆ ಸಮವಾಗಬೇಕೆಂದಿತು. 1989ರಲ್ಲಿ ಕೆಂಟಕಿಯ ನ್ಯಾಯಸ್ಥಾನ ಪ್ರತಿಯೊಂದು ಮಗುವಿಗೂ ದೊರೆಯಬೇಕಾದ ಏಳು ಸಾಮರ್ಥ್ಯಗಳನ್ನೇ ಪಟ್ಟಿಮಾಡಿತು. ಅದೇ ವರ್ಷ ಟೆಕ್ಸಾಸಿನಲ್ಲಿಯೂ, ಅದೇ ಎಜ್‌ವುಡ್ ಪ್ರಾಂತ ಹೂಡಿದ ವ್ಯಾಜ್ಯದಲ್ಲಿ, ನ್ಯಾಯಾಧೀಶರೆಲ್ಲರೂ ಏಕಮತದಿಂದ ಹಳೆಯ ಪದ್ಧತಿಯನ್ನು ರದ್ದುಮಾಡಿದರು. ಅತ್ಯಂತ ಸಿರಿವಂತ ಪ್ರಾಂತಕ್ಕೂ ಅತ್ಯಂತ ಬಡ ಪ್ರಾಂತಕ್ಕೂ ಆಸ್ತಿಯ ಬೆಲೆಯಲ್ಲಿ ಆಗ 700ಕ್ಕೆ 1ರ ಅಂತರವಿತ್ತು. 2016ರಲ್ಲಿ ಅದೇ ನ್ಯಾಯಸ್ಥಾನ, ಆ ವೇಳೆಗೆ ಮಾರ್ಪಟ್ಟಿದ್ದ ವ್ಯವಸ್ಥೆಯಲ್ಲಿ ಕುಂದುಗಳು ಹೇರಳವಾಗಿವೆಯೆಂದು ಒಪ್ಪಿ, ಕನಿಷ್ಠ ಅಗತ್ಯವನ್ನು ಅದು ಪೂರೈಸುತ್ತದೆಯೆಂದು ಬಿಟ್ಟುಕೊಟ್ಟಿತು. ‘ಕನಿಷ್ಠ’ವು ಮತ್ತೆ ಮನೆಗೆ ಬಂದಂತಾಯಿತು.

ಹೀಗೆ ‘ಸಮ’ವನ್ನು ಕೇಳುವವರು ಕ್ರಮೇಣ ‘ಸಾಕಷ್ಟ’ನ್ನು ಕೇಳುವವರಾದರು. ಆದರೆ ಸಾಕಷ್ಟೆಂದರೆ ಎಷ್ಟು? ಈ ಪ್ರಶ್ನೆ ಸಾಹಿತ್ಯದ ಉಪಾಧ್ಯಾಯರ ಹೊಸ್ತಿಲಿಗೇ ಬಂದುದು ನ್ಯೂಯಾರ್ಕಿನಲ್ಲಿ. ಅಲ್ಲಿ ಪ್ರಜೆಯು ಮತದಾನಮಾಡುವುದಕ್ಕೂ ನ್ಯಾಯಮಂಡಲಿಯಲ್ಲಿ ಕುಳಿತು ತೀರ್ಮಾನ ಹೇಳುವುದಕ್ಕೂ ಶಕ್ತನಾಗುವಂಥ ವಿದ್ಯೆ ದೊರೆಯಬೇಕೆಂದು ನ್ಯಾಯಸ್ಥಾನ ಹೇಳಿತ್ತು. ಹಾಗಾದರೆ ಮತಪತ್ರದ ಪ್ರಸ್ತಾವವನ್ನೂ ನ್ಯಾಯಮಂಡಲಿಗೆ ಕೊಡುವ ಸೂಚನೆಗಳನ್ನೂ ಓದಿ ಗ್ರಹಿಸಲು ಎಷ್ಟು ಓದು ಬೇಕೆಂಬುದೇ ವಿಚಾರಣೆಗೆ ಬಂದಿತು. 2001ರಲ್ಲಿ ಕೆಳಗಿನ ನ್ಯಾಯಾಧೀಶರು ಮಕ್ಕಳ ಪರವಾಗಿ ತೀರ್ಪಿತ್ತರು. 2002ರಲ್ಲಿ ನಡುವಣ ನ್ಯಾಯಸ್ಥಾನ, ಎಂಟು ಅಥವಾ ಒಂಬತ್ತನೆಯ ತರಗತಿಯ ವಿದ್ಯೆ ಇದಕ್ಕೆ ಸಾಕು ಎಂದು ಅದನ್ನು ತಳ್ಳಿಹಾಕಿತು. 2003ರಲ್ಲಿ ಮೇಲಣ ನ್ಯಾಯಸ್ಥಾನ ಆ ‘ಸಾಕು’ ಸಾಲದು ಎಂದಿತು. ಕಠಿನವಾದ ಗದ್ಯವನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಪೌರತ್ವದ ಅಂಗವೆಂಬುದನ್ನು ನಾವು ತರಗತಿಗಳಲ್ಲಿ ಹೇಳುತ್ತೇವೆ. ಅದನ್ನು ಡಾಲರುಗಳಲ್ಲಿ ಎಣಿಸಬೇಕಾದ ಪ್ರಸಂಗ ಇಲ್ಲಿ ಒದಗಿತು.

ಪ್ರಾಸಂಗಿಕವಾಗಿ ಒಂದು ಮಾತು. ಕನ್ನಡದಲ್ಲಿ ‘ಸಾಕು’ ಎಂಬುದಕ್ಕೆ ಎರಡು ಅರ್ಥ. ಬಡಿಸುವವನ ಕೈಯನ್ನು ತಡೆಯುವ ‘ಸಾಕು’ ಒಂದು. ಮಗುವನ್ನು ಸಲಹುವ ‘ಸಾಕು’ ಇನ್ನೊಂದು. ನಡುವಣ ನ್ಯಾಯಸ್ಥಾನ ಆಡಿದ್ದು ಮೊದಲನೆಯದನ್ನು. ನಿಘಂಟು ಇವೆರಡನ್ನೂ ಬೇರೆ ಬೇರೆ ಇಡಲಿ. ಶಾಲೆಯ ಲೆಕ್ಕ ಬರೆಯುವವನ ಕಿವಿಯಲ್ಲಿ ಎರಡೂ ಒಟ್ಟಿಗೆ ಕೇಳಿಸಿದರೆ ತಪ್ಪಿಲ್ಲ.

ನಮ್ಮ ದೇಶದ ಪಾಠ ಬೇರೆ ಬಗೆಯದು. ಕರ್ನಾಟಕದ 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆಯ ಸಂಬಂಧವಾಗಿ ಹುಟ್ಟಿದ ಮೋಹಿನಿ ಜೈನ್ ವ್ಯಾಜ್ಯದಲ್ಲಿ, ರಾಜ್ಯಾಂಗದ ಹಕ್ಕುಗಳ ಭಾಗದಲ್ಲಿ ಅಕ್ಷರಶಃ ಇಲ್ಲದಿದ್ದ ವಿದ್ಯೆಯ ಹಕ್ಕನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1992ರಲ್ಲಿ ಜೀವಿಸುವ ಹಕ್ಕಿನೊಳಗಿಂದಲೇ ಓದಿ ತೆಗೆಯಿತು. ಪವೆಲ್ಲರು ಓದಲೊಲ್ಲದ ಧ್ವನ್ಯರ್ಥವನ್ನು ಇಲ್ಲಿ ಓದಿದರು. ಮರುವರ್ಷವೇ ಉನ್ನಿಕೃಷ್ಣನ್ ವ್ಯಾಜ್ಯದಲ್ಲಿ ಅದನ್ನು ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ನಿಲ್ಲಿಸಿ, ಅದರಿಂದಾಚೆಗೆ ರಾಜ್ಯದ ಆರ್ಥಿಕ ಶಕ್ತಿಯ ಮಿತಿಯನ್ನು ಎಳೆದರು. 2002ರ ತಿದ್ದುಪಡಿ ಆ ಹಕ್ಕಿಗೆ ಅಕ್ಷರರೂಪವನ್ನು ಕೊಟ್ಟಿತು. 2009ರ ಕಾಯಿದೆ 2010ನೆಯ ಏಪ್ರಿಲ್ 1ರಿಂದ ಆಚರಣೆಗೆ ಬಂದಿತು. ಅಮೆರಿಕದ ಸಂಸ್ಥಾನಗಳಲ್ಲಿ ಹಣದ ಪ್ರಮಾಣವನ್ನು ಕುರಿತ ವಾದ ಬೆಳೆದು ಕೇಂದ್ರದ ಹಕ್ಕು ಹುಟ್ಟಲಿಲ್ಲ. ನಮ್ಮಲ್ಲಿ ಹಕ್ಕು ಹುಟ್ಟಿ ಪ್ರಮಾಣದ ವಾದ ಬೆಳೆಯಲಿಲ್ಲ. ರಾಷ್ಟ್ರೀಯ ಆದಾಯದಲ್ಲಿ ನೂರಕ್ಕೆ ಆರರಷ್ಟನ್ನು ವಿದ್ಯೆಗೆ ಎತ್ತಿಡಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿದ ಅಂಕಿಯನ್ನೇ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮತ್ತೆ ಗುರಿಯಾಗಿ ಬರೆದುಕೊಂಡಿದೆ.

ಆ 2009ರ ಕಾಯಿದೆಯ ಅನುಸೂಚಿಯನ್ನು ಓದತಕ್ಕವರು ನಿಧಾನವಾಗಿ ಓದಬೇಕು; ನಮ್ಮ ‘ಸಾಕಷ್ಟು’ ಎಂಬುದರ ಭಾಷ್ಯ ಅದೇ. ಐದನೆಯ ತರಗತಿಯವರೆಗೆ ಅರುವತ್ತು ಮಕ್ಕಳಿಗೆ ಇಬ್ಬರು ಉಪಾಧ್ಯಾಯರು, ತೊಂಬತ್ತರವರೆಗೆ ಮೂವರು, ಇನ್ನೂರರವರೆಗೆ ಐವರು. ಪ್ರತಿಯೊಂದು ಶಾಲೆಗೂ ಪತ್ರಿಕೆ ಪುಸ್ತಕಗಳುಳ್ಳ ಒಂದು ಗ್ರಂಥಾಲಯ. ಉಪಾಧ್ಯಾಯರನ್ನೂ ಕೊಠಡಿಗಳನ್ನೂ ಪಾಠದ ದಿನಗಳನ್ನೂ ಅದು ಎಣಿಸುತ್ತದೆ. ರೂಪಾಯಿ ಎಂಬ ಪದ ಅದರಲ್ಲಿ ಒಮ್ಮೆಯೂ ಬಂದಿಲ್ಲ. ಹಣದ ಮಾತಿರುವುದು ಏಳನೆಯ ಪ್ರಕರಣದಲ್ಲಿ: ಹೊಣೆ ಕೇಂದ್ರಕ್ಕೂ ರಾಜ್ಯಗಳಿಗೂ ಜಂಟಿಯಾಗಿ ಸೇರಿದ್ದು, ಕೇಂದ್ರದ ಪಾಲು ನೂರಕ್ಕೆ ಎಷ್ಟೆಂಬುದನ್ನು ರಾಜ್ಯಗಳೊಡನೆ ಸಮಾಲೋಚಿಸಿ ಆಗಾಗ್ಗೆ ಗೊತ್ತುಮಾಡತಕ್ಕದ್ದು. ಈ ‘ಆಗಾಗ್ಗೆ’ ಎಂಬ ಪದಕ್ಕೆ ಇನ್ನೂ ಯಾವ ಮಾರ್ಷಲ್ಲರೂ ಟೀಕೆ ಬರೆದಿಲ್ಲ.