ಅಧಿಕೃತವೆಂಬ ಮೊಹರು ಯಾರದು?

ಸಂಘದ ಬಹುಪಾಲು ಸದಸ್ಯರು ಕಂಪ್ಯೂಟರ್ ಕೆಲಸದವರಾಗಿರುವಾಗ ಸ್ಟೆತಾಸ್ಕೋಪು ಹಿಡಿದ ನಾವು ಸಾಫ್ಟ್‌ವೇರಿನ ಬಗ್ಗೆ ಬರೆಯುವುದು ಅಧಿಕಪ್ರಸಂಗವೆನಿಸೀತು. ಆದರೂ ಹೇಳಿಬಿಡುತ್ತೇವೆ. ತಪ್ಪಿದ್ದರೆ ಮುಂದಿನ ಪಾಟ್‌ಲಕ್ಕಿನಲ್ಲಿ ನಮ್ಮ ಕಿವಿ ಹಿಂಡಬಹುದು.

ಶನಿವಾರಗಳಂದು ನಾವು ಹೋಗುವ ಉಚಿತ ಕ್ಲಿನಿಕ್ಕಿನಲ್ಲಿ ರೋಗಿಗಳ ದಾಖಲೆಯ ತಂತ್ರಾಂಶ ಕಂಟೇನರ್ ಇಮೇಜಿನಿಂದ ನಡೆಯುತ್ತದೆ. ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸರಂಜಾಮನ್ನೂ ಒಟ್ಟಿಗೆ ತುಂಬಿದ ಬುತ್ತಿಡಬ್ಬಿ ಎನ್ನಿ; ಯಾವ ಯಂತ್ರದಲ್ಲಿ ಬಿಚ್ಚಿದರೂ ಅದೇ ಅಡುಗೆ. ಸ್ವಯಂಸೇವಕ ಹುಡುಗನೊಬ್ಬ ಹೆಸರು ನೋಡಿ ಇಳಿಸಿಕೊಂಡಿದ್ದ. ವಿಚಾರಿಸಿದರೆ, ಕಟ್ಟಿದವರು ಯಾರೋ ಅನಾಮಧೇಯರು. ಮೂರು ವರ್ಷದಿಂದ ಅದನ್ನು ಹೊಸದಾಗಿ ಕಟ್ಟಿಲ್ಲ. ಅದರ ಕೈಯಲ್ಲಿ ನಮ್ಮ ರೋಗಿಗಳ ಹೆಸರು, ಕಾಯಿಲೆ, ಫೋನ್ ನಂಬರು!

ತಂತ್ರಾಂಶ ಬರೆದವರು ತಾವಾಗಿ ಡಬ್ಬಿ ಕಟ್ಟಿರಲಿಲ್ಲ. ಕೋಡ್ ಇದೆಯಲ್ಲ, ನೀವೇ ಕಟ್ಟಿಕೊಳ್ಳಿ ಎಂಬ ಧೋರಣೆ. ಬಿಟ್ಟಿ ದುಡಿಯುವವರನ್ನು ಬೈಯುವುದು ಸೌಜನ್ಯವಲ್ಲ, ಒಪ್ಪಿದೆವು. ಆದರೆ ಖಾಲಿ ಬಿಟ್ಟ ಜಾಗದಲ್ಲಿ ಯಾರಾದರೂ ಬಂದು ಕೂರುತ್ತಾರೆ. 2018ರಲ್ಲಿ ಡಾಕರ್ ಹಬ್‌ನಿಂದ ಒಂದೇ ಖಾತೆಯ 17 ಇಮೇಜುಗಳನ್ನು ತೆಗೆದುಹಾಕಬೇಕಾಯಿತು. ಟಾಮ್‌ಕ್ಯಾಟ್, ಮೈಎಸ್‌ಕ್ಯೂಎಲ್ ಎಂಬ ಪರಿಚಿತ ಹೆಸರು ಹೊತ್ತು, ಇಳಿಸಿಕೊಂಡವರ ಯಂತ್ರದಲ್ಲೇ ಮೊನೆರೊ ನಾಣ್ಯ ಅಗೆಯುವಂಥವು ಅವುಗಳಲ್ಲಿದ್ದವು. ಅಷ್ಟರೊಳಗೆ 50 ಲಕ್ಷಕ್ಕೂ ಹೆಚ್ಚು ಬಾರಿ ಜನ ಅವನ್ನು ಇಳಿಸಿಕೊಂಡಾಗಿತ್ತು.

ಹಾಗಾದರೆ 'ಅಧಿಕೃತ' ಎಂದಿರುವುದನ್ನೇ ತೆಗೆದುಕೊಂಡರಾಯಿತೇ? ಇಲ್ಲೇ ನಮ್ಮ ಮುಖ್ಯ ತಕರಾರು. ಪೋಸ್ಟ್‌ಗ್ರೆಸ್‌ನ 'ಅಧಿಕೃತ' ಇಮೇಜನ್ನು ನೋಡಿಕೊಳ್ಳುವುದು ಪೋಸ್ಟ್‌ಗ್ರೆಸ್ ಯೋಜನೆಯಲ್ಲ, ಬೇರೆಯದೇ ಒಂದು ಡಾಕರ್ ಬಳಗ. ಮೊಹರು ಡಾಕರ್ ಕಂಪನಿಯದು. ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಓದುವವನು ತಂತ್ರಾಂಶ ಬರೆದವರೇ ಕೊಟ್ಟದ್ದೆಂದು ತಿಳಿಯುತ್ತಾನೆ. ಇನ್ನು 'ಲೇಟೆಸ್ಟ್' ಎಂಬ ಚೀಟಿ. ಇವತ್ತು ಅದರ ಹಿಂದೆ ಇರುವುದು ಬೇರೆ, ಮುಂದಿನ ತಿಂಗಳು ಇರುವುದು ಬೇರೆ. ಬ್ಯಾಚ್ ನಂಬರಿಲ್ಲದ ಔಷಧಿಯನ್ನು ನಾವು ರೋಗಿಗೆ ಚುಚ್ಚುವುದಿಲ್ಲ. ಇಮೇಜಿಗೂ ಬ್ಯಾಚ್ ನಂಬರು ಉಂಟು: 64 ಅಕ್ಷರಗಳ ಶಾ-256 ಗುರುತು. ಒಳಗಿನದು ಒಂದಿಷ್ಟು ಬದಲಾದರೂ ಗುರುತು ಬದಲಾಗುತ್ತದೆ. ಅದನ್ನು ಬಳಕೆದಾರನ ಕಣ್ಣಿಗೆ ಬೀಳುವಂತೆ ಅಚ್ಚು ಹಾಕುವ ಯೋಜನೆಗಳು ಎಷ್ಟಿವೆ?

ಯೋಜನೆಯವರೇ ಕಟ್ಟಿಕೊಟ್ಟರೂ ನೆಮ್ಮದಿ ಶಾಶ್ವತವಲ್ಲ. ಕಡತಗಳನ್ನು ಶೇಖರಿಸುವ ಮಿನಿಯೋ ತಂತ್ರಾಂಶದವರು 2025ರ ಅಕ್ಟೋಬರಿನಲ್ಲಿ, ಇನ್ನು ಉಚಿತ ಆವೃತ್ತಿಗೆ ಮೂಲ ಕೋಡ್ ಮಾತ್ರ ಎಂದುಬಿಟ್ಟರು. ಅದೇ ತಿಂಗಳು ಭದ್ರತಾ ದೋಷವೊಂದನ್ನು ಸರಿಪಡಿಸಿದ ಆವೃತ್ತಿ ಹೊರಬಂತು. ಅದಕ್ಕೆ ಇಮೇಜ್ ಬರಲಿಲ್ಲ. ನಿಲ್ಲಿಸುವ ಹಕ್ಕು ಅವರಿಗಿದೆ. ನಮ್ಮ ಆಕ್ಷೇಪ ಅವರು ನಿಲ್ಲಿಸಿದ ಹೊತ್ತಿಗೆ. ಔಷಧಿ ನಿಲ್ಲಿಸುವಾಗ ಮೊದಲು ರೋಗಿಗೆ ಹೇಳಿ, ಮೆಲ್ಲಗೆ ಇಳಿಸುತ್ತಾರಲ್ಲವೇ?

ನಮ್ಮ ಹುಡುಗ ಈಗ ಮೂಲ ಕೋಡಿನಿಂದ ತಾನೇ ಇಮೇಜ್ ಕಟ್ಟುತ್ತಿದ್ದಾನೆ. ಕಟ್ಟುವ ವಿಧಾನವನ್ನು ಯೋಜನೆಯವರಿಗೂ ಕಳಿಸಿದ್ದಾನಂತೆ. ಉತ್ತರ ಇನ್ನೂ ಬಂದಿಲ್ಲ.