ಅಭಯವು ದಾನವೆ? ೧೯೭೬ರ ಒಂದು ತೀರ್ಪಿನ ವಿಮರ್ಶೆ

ನ್ಯಾಯಾಲಯದ ತೀರ್ಪನ್ನು ಒಂದು ಕೃತಿಯಾಗಿ ಓದಿ ವಿಮರ್ಶಿಸುವ ಪರಿಪಾಠ ನಮ್ಮಲ್ಲಿ ಹೆಚ್ಚು ಬೆಳೆದಿಲ್ಲ. ವಕೀಲರು ತಮ್ಮ ಮೊಕದ್ದಮೆಗೆ ಒದಗುವ ಸಾಲುಗಳಿಗಾಗಿ ಅದನ್ನು ಓದುತ್ತಾರೆ. ಉಳಿದವರು ಪತ್ರಿಕೆಯಲ್ಲಿ ಬಂದ ಫಲಿತಾಂಶವನ್ನು ತಿಳಿದು ಸುಮ್ಮನಾಗುತ್ತಾರೆ. ಆದರೆ ಕೆಲವು ತೀರ್ಪುಗಳಲ್ಲಿ ಒಂದು ಕಾಲದ ಮನಸ್ಸು, ಅದರ ವಿದ್ವತ್ತು, ಅದರ ಅಳುಕು ಎಲ್ಲವೂ ಕಾವ್ಯದಲ್ಲಿ ಕಾಣುವಷ್ಟೇ ನಿಚ್ಚಳವಾಗಿ ಮೂಡಿರುತ್ತವೆ. ಜಬಲ್ಪುರದ ಅಡಿಷನಲ್ ಡಿಸ್ಟ್ರಿಕ್ಟ್ ಮ್ಯಾಜಿಸ್ಟ್ರೇಟ್ ಮತ್ತು ಶಿವಕಾಂತ ಶುಕ್ಲ ಇವರ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೭೬ರ ಏಪ್ರಿಲ್ ೨೮ರಂದು ಕೊಟ್ಟ ತೀರ್ಪು ಅಂಥದು. ಪ್ರಜಾಪ್ರಭುತ್ವ ಎಷ್ಟು ಸುಲಭವಾಗಿ ಮುಕ್ಕಾಗಬಲ್ಲದೆಂಬ ಮಾತು ಬಂದಾಗಲೆಲ್ಲ ನಾವು ಸೇನೆ, ಸೆರೆಮನೆ, ಸೆನ್ಸಾರುಗಳನ್ನು ನೆನೆಯುತ್ತೇವೆ. ಭಯವು ವಿದ್ವಾಂಸರ ಬಾಯಲ್ಲಿ ಯಾವ ಭಾಷೆಯನ್ನಾಡುತ್ತದೆ ಎಂಬುದನ್ನು ಅರಿಯಲು ಈ ತೀರ್ಪನ್ನು ಓದಬೇಕು.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ೧೯೭೫ರ ಜೂನ್ ೧೨ರಂದು ಅಲಹಾಬಾದ್ ಉಚ್ಚ ನ್ಯಾಯಾಲಯವು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿತು. ಜೂನ್ ೨೫ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಗಳ ಸಹಿ ಬಿತ್ತು. ಜೂನ್ ೨೭ರ ಇನ್ನೊಂದು ಆಜ್ಞೆಯ ಮೂಲಕ, ಸಂವಿಧಾನದ ೧೪, ೨೧ ಮತ್ತು ೨೨ನೆಯ ವಿಧಿಗಳ ಹಕ್ಕುಗಳಿಗಾಗಿ ನ್ಯಾಯಾಲಯದ ಮೊರೆಹೋಗುವ ಅವಕಾಶವನ್ನು ಅಮಾನತಿನಲ್ಲಿಡಲಾಯಿತು. ಮೀಸಾ ಕಾಯಿದೆಯಡಿ ಸಾವಿರಾರು ಮಂದಿ ವಿಚಾರಣೆಯಿಲ್ಲದೆ ಬಂಧಿತರಾದರು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲ್ ಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರನ್ನು ಅಲ್ಲಿಯೇ ಹಿಡಿದು ಸೆರೆಗೆ ಕಳುಹಿಸಲಾಯಿತು. ಅವರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಈ ಲ್ಯಾಟಿನ್ ಮಾತಿನ ತಾತ್ಪರ್ಯ ಸರಳವಾದುದು: ಹಿಡಿದಿಟ್ಟಿರುವ ದೇಹವನ್ನು ತಂದು ನ್ಯಾಯಾಲಯದ ಮುಂದೆ ನಿಲ್ಲಿಸು, ಹಿಡಿದುದು ಏಕೆಂದು ಹೇಳು. ಇಂಥ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಳ್ಳಬಹುದೆಂದು ಕರ್ನಾಟಕವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ಹೇಳಿದವು. ಸರಕಾರ ಮೇಲ್ಮನವಿ ಸಲ್ಲಿಸಿತು.

ವಿಚಾರಣೆಯ ಪೀಠದಲ್ಲಿ ಐವರಿದ್ದರು: ಮುಖ್ಯ ನ್ಯಾಯಮೂರ್ತಿ ಎ. ಎನ್. ರೇ, ಎಚ್. ಆರ್. ಖನ್ನಾ, ಎಂ. ಎಚ್. ಬೇಗ್, ವೈ. ವಿ. ಚಂದ್ರಚೂಡ್, ಪಿ. ಎನ್. ಭಗವತಿ. ರೇ ಅವರು ಆ ಪೀಠಕ್ಕೇರಿದ ಬಗೆಯನ್ನು ಇಲ್ಲಿ ಮರೆಯಲಾಗದು. ೧೯೭೩ರ ಏಪ್ರಿಲಿನಲ್ಲಿ, ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಹೊರಬಿದ್ದ ಮರುದಿನವೇ, ಶೆಲಟ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ದಾಟಿ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಗಿತ್ತು. ಮೂವರೂ ರಾಜೀನಾಮೆ ಕೊಟ್ಟರು. ಅವರಲ್ಲಿ ನಮ್ಮ ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆಯವರೂ ಒಬ್ಬರು. ದಂಡನೆಗೊಳಗಾದವರು ಮೂವರು, ಪಾಠ ಕಲಿತವರು ಉಳಿದ ಎಲ್ಲರೂ. ನಮ್ಮ ಶಾಸ್ತ್ರಕಾರರು ಸಪ್ತಭಯಗಳನ್ನು ಹೇಳುವಾಗ ಪದವಿ ತಪ್ಪೀತೆಂಬ ಭಯವನ್ನು ಬೇರೆಯಾಗಿ ಎಣಿಸಿಲ್ಲ. ಇಹಲೋಕಭಯದ ಮಡಿಲಲ್ಲಿಯೇ ಅದು ಅಡಗಿದೆ ಎಂದು ತೋರುತ್ತದೆ. ಮರಣಭಯವನ್ನು ಗೆದ್ದವರು ಸಹ ಇದರ ಮುಂದೆ ತಲೆ ಬಾಗಿಸಿದ್ದುಂಟು.

ವಾದದ ನಡುವೆ ನ್ಯಾಯಮೂರ್ತಿ ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಹಾಕಿದರು. ಪೋಲೀಸ್ ಅಧಿಕಾರಿಯೊಬ್ಬ ವೈಯಕ್ತಿಕ ದ್ವೇಷದಿಂದ ಒಬ್ಬನನ್ನು ಕೊಂದರೆ, ತುರ್ತುಪರಿಸ್ಥಿತಿ ಇರುವಷ್ಟು ಕಾಲ ನ್ಯಾಯಾಲಯದಲ್ಲಿ ಪರಿಹಾರವುಂಟೆ? ತಮ್ಮ ವಾದಕ್ಕೆ ನಿಷ್ಠರಾಗಿ ಹೇಳುವುದಾದರೆ ಇಲ್ಲ ಎಂಬುದೇ ಡೇ ಅವರ ಉತ್ತರವಾಗಿತ್ತು. ಇದು ತಮ್ಮ ಮನಸ್ಸಾಕ್ಷಿಯನ್ನೂ ಕಲಕುತ್ತದೆ ಎಂದು ಅವರು ಸೇರಿಸಿದರೆಂದು ಹೇಳುತ್ತಾರೆ. ಆ ಉತ್ತರದಲ್ಲಿ ಒಂದು ಬಗೆಯ ಪ್ರಾಮಾಣಿಕತೆಯುಂಟು. ಸರಕಾರದ ವಾದ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಸರಕಾರದ ವಕೀಲರೇ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು. ಮುಚ್ಚುಮರೆ ಬಂದುದು ತೀರ್ಪಿನಲ್ಲಿ.

ನಾಲ್ವರು ಸರಕಾರದ ವಾದವನ್ನು ಒಪ್ಪಿದರು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗೆ ೨೧ನೆಯ ವಿಧಿಯೊಂದೇ ನೆಲೆ. ಅದರ ಬಾಗಿಲು ಮುಚ್ಚಿರುವಾಗ ಬಂಧನದ ಆಜ್ಞೆ ಕಾಯಿದೆಗೆ ವಿರುದ್ಧವೆಂದಾಗಲಿ, ದುರುದ್ದೇಶದ್ದೆಂದಾಗಲಿ ಯಾರೂ ಕೇಳುವಂತಿಲ್ಲ ಎಂಬುದು ಅವರ ನಿರ್ಣಯದ ಸಾರ. ಇಂಗ್ಲೆಂಡಿನಲ್ಲಿ ಯುದ್ಧಕಾಲದ ೧೯೪೧ರಲ್ಲಿ ಬಂದ ಲಿವರ್ಸಿಜ್ ಪ್ರಕರಣದ ಬಹುಮತದ ಅಭಿಪ್ರಾಯವನ್ನು ಆಧಾರವಾಗಿ ಹಿಡಿದರು. ಅದೇ ಪ್ರಕರಣದಲ್ಲಿ ಲಾರ್ಡ್ ಆಟ್ಕಿನ್ ಬರೆದ ಭಿನ್ನಮತವೇ ಮುಂದೆ ಹೆಚ್ಚು ಗೌರವಕ್ಕೆ ಪಾತ್ರವಾಯಿತು ಎಂಬುದನ್ನು ಕಾನೂನು ಓದಿದವರು ಬಲ್ಲರು.

ವಾದಸರಣಿಗಿಂತ ನನ್ನ ಗಮನವನ್ನು ಹೆಚ್ಚಾಗಿ ಸೆಳೆಯುವುದು ಅದರ ಅಲಂಕಾರ. ತರ್ಕ ನಡೆಯುತ್ತಿರುವಷ್ಟು ಹೊತ್ತು ಭಾಷೆ ಒಣಗಿದೆ, ಬಿಗಿಯಾಗಿದೆ. ತರ್ಕ ಮುಗಿದು ಅದರ ಫಲವನ್ನು ದಿಟ್ಟಿಸಿ ನೋಡಬೇಕಾದ ಕಡೆಯಲ್ಲಿ ಒಮ್ಮೆಗೇ ಉಪಮೆಗಳು ಬರುತ್ತವೆ. ಬಂಧಿತರಿಗೆ ಒಳ್ಳೆಯ ವಸತಿ, ಊಟ, ಉಪಚಾರಗಳು ದೊರೆಯುತ್ತಿವೆ, ಅಧಿಕಾರಿಗಳ ಕಾಳಜಿ ಹೆಚ್ಚುಕಡಮೆ ತಾಯಿಯ ಕಾಳಜಿಯಂತಿದೆ ಎಂಬರ್ಥದ ಮಾತನ್ನು ನ್ಯಾಯಮೂರ್ತಿ ಬೇಗ್ ಬರೆದರು. ಬಂಧಿತರನ್ನು ಹೊಡೆದಾರು, ಉಪವಾಸ ಕೆಡವಿಯಾರು, ಗುಂಡಿಕ್ಕಿಯಾರು ಎಂಬ ವಕೀಲರ ಆತಂಕಕ್ಕೆ ಉತ್ತರವಾಗಿ, ಸ್ವತಂತ್ರ ಭಾರತದಲ್ಲಿ ಹಾಗಾಗದು ಎಂಬ ತಮ್ಮ ಭರವಸೆ ವಜ್ರದಂತೆ ಉಜ್ಜ್ವಲವೂ ಕಠಿಣವೂ ಆದುದೆಂದು ನ್ಯಾಯಮೂರ್ತಿ ಚಂದ್ರಚೂಡ್ ಬರೆದರು.

ಈ ಎರಡು ಉಪಮೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ತಾಯಿಗೂ ಮಗುವಿಗೂ ನಡುವೆ ನ್ಯಾಯಾಲಯ ಬೇಕಿಲ್ಲ. ತಾಯಿಯ ಮೇಲೆ ದೂರು ಕೊಡುವ ಮಗು ಕೃತಘ್ನ ಎನಿಸುತ್ತದೆ. ಹೀಗೆ ಹಕ್ಕನ್ನು ಕೇಳಿ ಬಂದ ಪ್ರಜೆಯನ್ನು ಉಪಮೆಯು ಸದ್ದಿಲ್ಲದೆ ಮಗುವಾಗಿ ಮಾರ್ಪಡಿಸಿಬಿಟ್ಟಿತು. ವಜ್ರದ ಭರವಸೆಯಂತೂ ಇನ್ನೂ ವಿಚಿತ್ರವಾದುದು. ಪರಿಶೀಲಿಸುವ ಅಧಿಕಾರವನ್ನು ಆಗತಾನೇ ಕೈಬಿಟ್ಟ ನ್ಯಾಯಾಲಯವು, ಪರಿಶೀಲನೆಯ ಅಗತ್ಯವೇ ಬಾರದೆಂದು ಹಾರೈಸುತ್ತಿದೆ. ತೀರ್ಪಿನಲ್ಲಿ ನಡುಗುವ ಒಂದು ಪದವೂ ಇಲ್ಲ. ಭಯವು ಇಲ್ಲಿ ವಿಶ್ವಾಸದ ವೇಷವನ್ನು ತೊಟ್ಟಿದೆ, ಅದೂ ಬಲವುಳ್ಳವರ ಒಳ್ಳೆಯತನದಲ್ಲಿ ಇಟ್ಟ ವಿಶ್ವಾಸದ ವೇಷ.

ಆ ಭರವಸೆ ಅಚ್ಚಾಗುವ ಹೊತ್ತಿಗಾಗಲೇ ಅದು ಸುಳ್ಳಾಗಿತ್ತು. ಕಲ್ಲಿಕೋಟೆಯ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಪಿ. ರಾಜನ್ ಎಂಬಾತನನ್ನು ೧೯೭೬ರ ಮಾರ್ಚ್ ೧ರಂದು ಪೋಲೀಸರು ಹಿಡಿದೊಯ್ದಿದ್ದರು. ಕಕ್ಕಯಂ ಎಂಬಲ್ಲಿನ ಪೋಲೀಸ್ ಶಿಬಿರದಲ್ಲಿ ಚಿತ್ರಹಿಂಸೆಗೆ ಗುರಿಯಾಗಿ ಅವನು ಸತ್ತನು. ಖನ್ನಾ ಅವರ ಪ್ರಶ್ನೆ ಊಹೆಯದಾಗಿ ಉಳಿದಿರಲಿಲ್ಲ. ಮಗನನ್ನು ಹುಡುಕುತ್ತ ತಂದೆ ಈಚರ ವಾರಿಯರ್ ಅಧಿಕಾರಿಗಳ, ಮಂತ್ರಿಗಳ ಬಾಗಿಲುಗಳನ್ನು ತಟ್ಟಿದರು. ನ್ಯಾಯಾಲಯದ ಬಾಗಿಲನ್ನು ತಟ್ಟಲು ಅವರು ೧೯೭೭ರ ಮಾರ್ಚ್‌ವರೆಗೆ, ತುರ್ತುಪರಿಸ್ಥಿತಿ ಕೊನೆಗೊಳ್ಳುವವರೆಗೆ, ಕಾಯಬೇಕಾಯಿತು. ಬೆಂಗಳೂರಿನ ಸೆರೆಮನೆಯಲ್ಲಿ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರಿದ್ದರು. ಈ ತೀರ್ಪು ಬಂದ ಬೆನ್ನಿಗೇ, ಮೇ ತಿಂಗಳಲ್ಲಿ, ಅವರ ಬಂಧನವಾಗಿತ್ತು. ಆಕೆಗೆ ತೀವ್ರವಾದ ಉಬ್ಬಸ. ೧೯೭೭ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ತಾಯಿಯ ಕಾಳಜಿ ಎಂಬ ಮಾತನ್ನು ಇವೆರಡು ಸಂಗತಿಗಳ ಜೊತೆಗಿಟ್ಟು ಓದದೆ ಬೇರೆ ದಾರಿಯಿಲ್ಲ.

ಖನ್ನಾ ಅವರ ಭಿನ್ನಮತದ ಶೈಲಿ ಇದಕ್ಕೆ ತದ್ವಿರುದ್ಧ. ಸಾಹಿತ್ಯದ ಸವಿಯನ್ನು ಅರಸಿ ಹೋದವರಿಗೆ ಅದು ನಿರಾಶೆಯನ್ನೇ ಉಂಟುಮಾಡೀತು: ದೀರ್ಘ, ಪೂರ್ವನಿರ್ಣಯಗಳ ಉಲ್ಲೇಖಗಳಿಂದ ಭಾರವಾದ, ನಿಧಾನಗತಿಯ ಬರವಣಿಗೆ. ಸರಕಾರದ ಮೇಲೆ ಆರೋಪದ ಆವೇಶವಿಲ್ಲ. ಸಹನ್ಯಾಯಮೂರ್ತಿಗಳ ಮೇಲೆ ಕಟಕಿಯಿಲ್ಲ. ನಡುವೆ ಒಂದು ಎಳೆ ಮಾತ್ರ ಕಡಿಯದೆ ಹರಿಯುತ್ತದೆ. ಸಂವಿಧಾನ ಬರುವ ಮೊದಲೂ ಈ ನೆಲದಲ್ಲಿ ಕಾನೂನಿನ ಆಧಾರವಿಲ್ಲದೆ ಒಬ್ಬನ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವಂತಿರಲಿಲ್ಲ. ೨೧ನೆಯ ವಿಧಿಯು ಅದನ್ನು ಹುಟ್ಟಿಸಲಿಲ್ಲ, ಆದ್ದರಿಂದ ಆ ವಿಧಿ ಅಮಾನತಿನಲ್ಲಿದ್ದರೂ ಅದು ಇಲ್ಲವಾಗದು. ಹಾಗಲ್ಲವೆಂದರೆ ನಾಜಿ ಆಡಳಿತದ ಸಾಮೂಹಿಕ ಹತ್ಯೆಗಳನ್ನೂ ಕಾನೂನು ಎಂದೇ ಕರೆಯಬೇಕಾದೀತು ಎಂದು ಅವರು ಎಚ್ಚರಿಸಿದರು. ಕೊನೆಯಲ್ಲಿ ಅಮೆರಿಕದ ನ್ಯಾಯಮೂರ್ತಿ ಹ್ಯೂಸ್ ಅವರನ್ನು ಸ್ಮರಿಸಿ, ಭಿನ್ನಮತವೆಂಬುದು ಮುಂದಿನ ಕಾಲದ ವಿವೇಕಕ್ಕೆ ಸಲ್ಲಿಸಿದ ಮನವಿ ಎಂದರು.

ಇಲ್ಲಿ ನಮಗೆ ಪರಿಚಿತವಾದ ಒಂದು ಪರಿಕಲ್ಪನೆಯನ್ನು ತರುವುದು ಅನುಚಿತವಾಗಲಾರದು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಅಭಯಕ್ಕೆ ಎರಡು ಮುಖಗಳನ್ನು ನಮ್ಮ ಸಾಹಿತ್ಯದಲ್ಲಿ ಕಾಣುತ್ತೇವೆ. ಅರಸನು ಕಾಲಿಗೆ ಬಿದ್ದವನ ತಲೆಯ ಮೇಲೆ ಕೈಯಿಟ್ಟು ಕೊಡುವ ಅಭಯ ಒಂದು. ಮುನಿಯು ಮಹಾವ್ರತವನ್ನು ಸ್ವೀಕರಿಸಿ, ತನ್ನಿಂದ ಯಾವ ಜೀವಕ್ಕೂ ಭಯವಿರಬಾರದೆಂದು ತನ್ನನ್ನೇ ಕಟ್ಟಿಹಾಕಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಕೊಟ್ಟ ಕೈ ಹಿಂದಕ್ಕೆ ತೆಗೆದುಕೊಳ್ಳಬಲ್ಲದು. ಎರಡನೆಯದರಲ್ಲಿ ಕಟ್ಟುಬಿದ್ದಿರುವುದು ಬಲವೇ. ಬಹುಮತದ ನಾಲ್ವರು ಸಂವಿಧಾನವನ್ನು ಅರಸನ ಅಭಯವೆಂದು ಓದಿದರು. ಖನ್ನಾ ಅವರು ಅದನ್ನು ರಾಜ್ಯಶಕ್ತಿಯು ತನ್ನ ಮೇಲೆ ತಾನೇ ಹೇರಿಕೊಂಡ ವ್ರತವೆಂದು ಓದಿದರು. ಅವರು ಹಾಗೆಂದು ಹೆಸರಿಸಲಿಲ್ಲ, ನಿಜ. ಆದರೆ ಅವರ ವಾದದ ನೆಲೆ ಅದೇ.

ಬಹುಮತದವರ ಅಂತರಂಗವನ್ನು ಬಲ್ಲವರು ಯಾರು, ಅವರು ಪ್ರಾಮಾಣಿಕವಾಗಿಯೇ ಕಾನೂನನ್ನು ಹಾಗೆ ಅರ್ಥೈಸಿರಬಾರದೇಕೆ ಎಂದು ಕೇಳಬಹುದು. ಆ ಸಾಧ್ಯತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಸಂಗತಿ ನನ್ನನ್ನು ಕಾಡುತ್ತದೆ. ೧೯೭೮ರ ಜನವರಿ ೨೫ರಂದು ಮೇನಕಾ ಗಾಂಧಿ ಪ್ರಕರಣದಲ್ಲಿ ಇದೇ ೨೧ನೆಯ ವಿಧಿಗೆ ಸರ್ವೋಚ್ಚ ನ್ಯಾಯಾಲಯವು ಹಿಂದೆಂದೂ ಇಲ್ಲದ ವೈಶಾಲ್ಯವನ್ನು ಕೊಟ್ಟಿತು. ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವ ವಿಧಾನ ನ್ಯಾಯಯುತವಾಗಿರಲೇಬೇಕೆಂದಿತು. ಆ ಪೀಠದಲ್ಲಿ ಬೇಗ್, ಚಂದ್ರಚೂಡ್, ಭಗವತಿ ಮೂವರೂ ಇದ್ದರು. ಪ್ರಮುಖ ಅಭಿಪ್ರಾಯವನ್ನು ಬರೆದವರು ಭಗವತಿ. ಕಾನೂನಿನ ಪ್ರಶ್ನೆ ಎರಡೂ ಕಡೆ ಒಂದೇ ಆಗಿರಲಿಲ್ಲ, ಅಮಾನತಿನ ಆಜ್ಞೆ ಆಗ ಇರಲಿಲ್ಲ ಎಂಬುದು ದಿಟ. ಆದರೂ ವಿಧಿಯ ಒಂದಕ್ಷರ ಬದಲಾಗದೆ, ಇಪ್ಪತ್ತೊಂದು ತಿಂಗಳಲ್ಲಿ, ಅದೇ ಕಣ್ಣುಗಳಿಗೆ ಅದರಲ್ಲಿ ಅಷ್ಟೊಂದು ಅರ್ಥ ಕಂಡದ್ದು ಹೇಗೆ? ಮಧ್ಯೆ ಚುನಾವಣೆಯಾಗಿತ್ತು, ಸರಕಾರ ಬದಲಾಗಿತ್ತು. ೨೦೧೧ರಲ್ಲಿ ಭಗವತಿಯವರು ೧೯೭೬ರ ತಮ್ಮ ನಿಲುವು ತಪ್ಪಾಗಿತ್ತೆಂದು ಬಹಿರಂಗವಾಗಿ ಒಪ್ಪಿ ವಿಷಾದಿಸಿದರು. ಈ ಮೂವರೂ ಒಬ್ಬರ ನಂತರ ಒಬ್ಬರು ಮುಖ್ಯ ನ್ಯಾಯಮೂರ್ತಿಗಳಾದರು.

ಖನ್ನಾ ಆಗಲಿಲ್ಲ. ತೀರ್ಪಿಗೆ ಮುನ್ನವೇ, ಹರಿದ್ವಾರದಲ್ಲಿ ತಮ್ಮ ಸಹೋದರಿಗೆ, ತಾನು ಬರೆದಿಟ್ಟಿರುವುದು ತನ್ನ ಮುಖ್ಯ ನ್ಯಾಯಮೂರ್ತಿ ಪದವಿಯನ್ನು ಕಳೆಯಲಿದೆ ಎಂದು ಹೇಳಿದುದನ್ನು ಅವರು ಆತ್ಮಕಥೆಯಲ್ಲಿ ನೆನೆದಿದ್ದಾರೆ. ೧೯೭೭ರ ಜನವರಿಯಲ್ಲಿ ಅವರನ್ನು ದಾಟಿ ಬೇಗ್ ಅವರ ನೇಮಕವಾಯಿತು. ಖನ್ನಾ ರಾಜೀನಾಮೆ ಕೊಟ್ಟರು. ಅವರೊಬ್ಬರನ್ನೇ ಎತ್ತಿ ಹಿಡಿದು ಉಳಿದವರನ್ನು ಮರೆಯುವುದು ನಮ್ಮ ಒಂದು ದುರಭ್ಯಾಸ. ಬಂಧಿತರ ಅರ್ಜಿಗಳನ್ನು ಎತ್ತಿಕೊಂಡ ಕರ್ನಾಟಕ ಉಚ್ಚ ನ್ಯಾಯಾಲಯದ ಡಿ. ಎಂ. ಚಂದ್ರಶೇಖರ್ ಅವರನ್ನು ಅಲಹಾಬಾದಿಗೂ, ಸದಾನಂದಸ್ವಾಮಿಯವರನ್ನು ಗುವಾಹಟಿಗೂ ೧೯೭೬ರಲ್ಲಿ ವರ್ಗಾಯಿಸಲಾಯಿತು. ಆ ಬಂಧಿತರ ಪರವಾಗಿ ದುಡಿದ ವಕೀಲ ಎಂ. ರಾಮಾ ಜೋಯಿಸರು ತಾವೇ ಸೆರೆ ಸೇರಿದರು. ಖನ್ನಾ ಅವರ ಹೆಸರಿನಲ್ಲಿ ಭಾವಚಿತ್ರವುಂಟು, ಉಪನ್ಯಾಸಗಳುಂಟು. ಇವರ ಹೆಸರನ್ನು ಕನ್ನಡಿಗರಲ್ಲಿ ಎಷ್ಟು ಮಂದಿ ಕೇಳಿದ್ದಾರೆ?

೧೯೭೮ರ ನಲವತ್ತನಾಲ್ಕನೆಯ ತಿದ್ದುಪಡಿಯು ೨೦ ಮತ್ತು ೨೧ನೆಯ ವಿಧಿಗಳನ್ನು ಅಮಾನತಿನಲ್ಲಿಡದಂತೆ ಮಾಡಿತು. ಆಂತರಿಕ ಕ್ಷೋಭೆ ಎಂಬ ಸಡಿಲ ಪದದ ಬದಲಿಗೆ ಸಶಸ್ತ್ರ ದಂಗೆ ಎಂಬುದನ್ನಿಟ್ಟಿತು. ತೀರ್ಪು ಮಾತ್ರ ಹಾಗೆಯೇ ಉಳಿಯಿತು. ಅದನ್ನು ಸ್ಪಷ್ಟವಾಗಿ ತಳ್ಳಿಹಾಕಿದ್ದು ೨೦೧೭ರ ಆಗಸ್ಟ್ ೨೪ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹೂಡಿದ ಪ್ರಕರಣದಲ್ಲಿ, ಒಂಬತ್ತು ಮಂದಿಯ ಪೀಠ. ೧೯೭೬ರ ಬಹುಮತ ಗಂಭೀರವಾದ ದೋಷದಿಂದ ಕೂಡಿತ್ತೆಂದು ಬರೆದವರು ಡಿ. ವೈ. ಚಂದ್ರಚೂಡ್, ವಜ್ರದ ಭರವಸೆಯನ್ನು ಬರೆದವರ ಮಗ. ಮುಂದಿನ ಕಾಲದ ವಿವೇಕಕ್ಕೆ ಖನ್ನಾ ಸಲ್ಲಿಸಿದ ಮನವಿ ವಿಲೇವಾರಿಯಾಗಲು ನಲವತ್ತೊಂದು ವರ್ಷ ಹಿಡಿಯಿತು. ಖನ್ನಾ ೨೦೦೮ರಲ್ಲಿ ತೀರಿಕೊಂಡಿದ್ದರು. ಈಚರ ವಾರಿಯರ್ ಅವರು ಅದಕ್ಕೂ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಕೇರಳದ ಉಚ್ಚ ನ್ಯಾಯಾಲಯವು ಅವರ ಅರ್ಜಿಯನ್ನು ಎತ್ತಿಕೊಂಡಿತು, ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ಆದರೆ ಮಗನ ದೇಹವನ್ನು ಯಾರೂ ಎಂದೂ ತಂದು ಮುಂದಿಡಲಿಲ್ಲ.