ಮಾಲ್ಟ್ ವಿಸ್ಕಿಯ ಕೈಪಿಡಿಗಳು ಮತ್ತು ಕಂಬೀಪುರ

ಮಾಲ್ಟ್ ವಿಸ್ಕಿಯ ಆಕರಗ್ರಂಥಗಳಲ್ಲಿ ಎರಡು ಪರಂಪರೆಗಳಿವೆ. ಒಂದು ಡಿಸ್ಟಿಲರಿಯೊಳಗೆ ಹೋಗಿ ನೋಡಿ ಬರೆದದ್ದು, ಇನ್ನೊಂದು ಗ್ಲಾಸಿನಲ್ಲಿ ರುಚಿ ನೋಡಿ ಬರೆದದ್ದು. ಮೊದಲನೆಯದಕ್ಕೆ ತಳಪಾಯ ಹಾಕಿದವನು ಆಲ್ಫ್ರೆಡ್ ಬರ್ನಾರ್ಡ್. ಮದ್ಯ ವ್ಯಾಪಾರಿಗಳ ಪತ್ರಿಕೆಯೊಂದಕ್ಕಾಗಿ ಅವನು ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡುಗಳ 162 ಡಿಸ್ಟಿಲರಿಗಳನ್ನು ಸುತ್ತಿ ಬಂದ. ಆ ಸಂಚಾರದ ಫಲವಾದ ಪುಸ್ತಕ 1887ರಲ್ಲಿ ಹೊರಬಂತು. ನೀರು ಯಾವ ಹೊಳೆಯದು, ಹುಳಿ ಬರಿಸುವ ತೊಟ್ಟಿಗಳು ಎಷ್ಟು ದೊಡ್ಡವು, ಉಗ್ರಾಣದಲ್ಲಿ ಎಷ್ಟು ಪೀಪಾಯಿ ಹಿಡಿಸುತ್ತವೆ, ವರ್ಷಕ್ಕೆ ಎಷ್ಟು ಗ್ಯಾಲನ್ ಇಳಿಯುತ್ತದೆ ಎಂಬುದನ್ನೆಲ್ಲ ಬರೆದಿಟ್ಟ ಬರ್ನಾರ್ಡ್, ರುಚಿಯ ಬಗ್ಗೆ ಆಡಿದ ಮಾತು ತೀರ ಕಡಿಮೆ. ಅವನು ಕಂಡ ಡಿಸ್ಟಿಲರಿಗಳಲ್ಲಿ ಬಹುಪಾಲು ಮುಚ್ಚಿಹೋಗಿ, ಎಷ್ಟೋ ಕಡೆ ಕಟ್ಟಡವೂ ಉಳಿದಿಲ್ಲ. ಆದರೂ ಪುಸ್ತಕ ಇಂದಿಗೂ ಕೆಲಸಕ್ಕೆ ಬರುತ್ತದೆ, ಏಕೆಂದರೆ ಅದರಲ್ಲಿರುವುದು ಅಳೆದು ನೋಡಿದ ಸಂಗತಿ.

ಎರಡನೆಯ ಪರಂಪರೆಗೆ ರೂಪ ಕೊಟ್ಟವನು ಇಂಗ್ಲೆಂಡಿನ ಬಿಯರ್ ಬರಹಗಾರ ಮೈಕೆಲ್ ಜಾಕ್ಸನ್. 1989ರಲ್ಲಿ ಬಂದ ಅವನ 'ಮಾಲ್ಟ್ ವಿಸ್ಕಿ ಕಂಪ್ಯಾನಿಯನ್' ಡಿಸ್ಟಿಲರಿಗಳನ್ನು ಅಕಾರಾದಿಯಾಗಿ ಜೋಡಿಸಿ, ಪ್ರತಿಯೊಂದರ ಮನೆತನದ ಗುಣವನ್ನು ಎರಡು ಸಾಲಿನಲ್ಲಿ ಹೇಳಿ, ಆಮೇಲೆ ಬಣ್ಣ, ವಾಸನೆ, ಮೈಕಟ್ಟು, ರುಚಿ, ಕೊನೆಯಲ್ಲಿ ನಾಲಗೆಯ ಮೇಲೆ ಉಳಿಯುವುದು ಎಂದು ಬಿಡಿಸಿ, ನೂರಕ್ಕೆ ಅಂಕ ಕೊಡುತ್ತದೆ. ಜಾಕ್ಸನ್ ಊರನ್ನೂ ಜನರನ್ನೂ ಬಲ್ಲವನು. ಅಂಕದ ಹಿಂದೆ ಒಂದು ವಿವರಣೆ ಸದಾ ನಿಂತಿರುತ್ತದೆ. ಜಿಮ್ ಮರೆ 2003ರಲ್ಲಿ ಆರಂಭಿಸಿದ 'ವಿಸ್ಕಿ ಬೈಬಲ್'ನಲ್ಲಿ ಈ ಸಮತೋಲ ಅಂಕದ ಕಡೆಗೆ ವಾಲಿತು. ಅಲ್ಲಿ ವಾಸನೆ, ರುಚಿ, ಉಳಿಕೆ, ಹೊಂದಾಣಿಕೆ ನಾಲ್ಕಕ್ಕೂ ತಲಾ 25. ಒಬ್ಬನ ನಾಲಗೆ, ಸಾವಿರಾರು ಬಾಟಲಿ. 2020ರಲ್ಲಿ ಆ ಪುಸ್ತಕದ ಭಾಷೆ ಹೆಂಗಸರನ್ನು ಕೀಳಾಗಿ ಕಾಣುತ್ತದೆಂಬ ಆಕ್ಷೇಪ ಎದ್ದದ್ದು ನ್ಯಾಯವಾಗಿಯೇ ಇತ್ತು.

ಬೆಂಗಳೂರಿನ ಪಶ್ಚಿಮಕ್ಕೆ ಈ ಪುಸ್ತಕಗಳ ಋಣ ದೊಡ್ಡದು, ಅವುಗಳ ಕೊರತೆ ಎದ್ದು ಕಾಣುವುದೂ ಇಲ್ಲಿಯೇ. ರಾಜಾಜಿನಗರದಲ್ಲಿ ಕಚೇರಿಯಿರುವ ಅಮೃತ್ ಡಿಸ್ಟಿಲರೀಸನ್ನು 1948ರಲ್ಲಿ ಸ್ಥಾಪಿಸಿದವರು ರಾಧಾಕೃಷ್ಣ ಜಗದಾಳೆ. ಅವರ ನಂತರ ಮಗ ನೀಲಕಂಠರಾವ್ ಜಗದಾಳೆ 2019ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದರು. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಸಿಗುವ ಕಂಬೀಪುರದಲ್ಲಿ ಅದರ ಡಿಸ್ಟಿಲರಿ ಇದೆ. ಅಮೃತ್ ಸಿಂಗಲ್ ಮಾಲ್ಟ್ ಮೊದಲು ಮಾರಾಟಕ್ಕೆ ಬಂದದ್ದು 2004ರ ಆಗಸ್ಟಿನಲ್ಲಿ, ಗ್ಲಾಸ್ಗೋ ನಗರದ ಒಂದು ಭಾರತೀಯ ರೆಸ್ಟೋರೆಂಟಿನಲ್ಲಿ. ಬೈಬಲ್‌ನ 2010ರ ಆವೃತ್ತಿ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು, ಜಗತ್ತಿನ ಮೂರನೆಯ ಶ್ರೇಷ್ಠ ವಿಸ್ಕಿ ಎಂದಿತು. ಅಮೃತ್ ಸಿಂಗಲ್ ಮಾಲ್ಟ್ ತವರೂರಿನ ಅಂಗಡಿಗೆ ಬಂದದ್ದೂ 2010ರಲ್ಲಿಯೇ. ಕಾಕಂಬಿಯ ಸ್ಪಿರಿಟ್ ಬೆರೆಸಿದ್ದನ್ನೂ ವಿಸ್ಕಿ ಎಂದೇ ಮಾರುವ ದೇಶದಿಂದ ಬಂದ ಬಾಟಲಿಯನ್ನು ಹೊರಗಿನವರು ಅನುಮಾನದಿಂದ ನೋಡುತ್ತಿದ್ದ ಕಾಲವದು. ಆ ಅನುಮಾನವನ್ನು ಕಳೆದದ್ದು ಒಂದು ಅಂಕಿ. ಮರೆಗೆ ಈ ಶ್ರೇಯ ಸಲ್ಲಲೇಬೇಕು.

ಆದರೆ 97 ಎಂಬುದರಿಂದ ಫ್ಯೂಷನ್ ಏನೆಂದು ತಿಳಿಯುವುದಿಲ್ಲ. ನಾಲ್ಕರಲ್ಲಿ ಮೂರು ಪಾಲು ಭಾರತದ ಬಾರ್ಲಿ, ಒಂದು ಪಾಲು ಸ್ಕಾಟ್ಲೆಂಡಿನ ಪೀಟ್ ಹೊಗೆ ಹಿಡಿದ ಬಾರ್ಲಿ, ನೂರಕ್ಕೆ 50ರ ಕಡುಪು: ತಿಳಿಯಬೇಕಾದದ್ದು ಇದು. ಒಂದು ಬ್ಯಾಚಿಗೆ ಬಿದ್ದ ಅಂಕ ಮುಂದಿನ ಎಲ್ಲ ಬ್ಯಾಚುಗಳ ಮೇಲೂ ಸವಾರಿ ಮಾಡುವುದು ಮತ್ತೊಂದು ತೊಡಕು.

ಇನ್ನೂ ಆಳದ ತಪ್ಪು ವಯಸ್ಸಿನದು. ಈ ಕೈಪಿಡಿಗಳಲ್ಲಿ ಬಾಟಲಿಗಳು ಹತ್ತು, ಹನ್ನೆರಡು, ಹದಿನೆಂಟು ವರ್ಷಗಳ ಏಣಿಯ ಮೇಲೆ ಕೂತಿರುತ್ತವೆ. ಅಮೃತ್‌ನ ಹೆಚ್ಚಿನ ಬಾಟಲಿಗಳ ಮೇಲೆ ವಯಸ್ಸೇ ಇಲ್ಲ, ಅದಕ್ಕೆ ಕಾರಣ ಹವೆ. ಓಕ್ ಪೀಪಾಯಿಯಿಂದ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ನೂರಕ್ಕೆ ಎರಡರಷ್ಟು ಆವಿಯಾದರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹತ್ತರಿಂದ ಹನ್ನೆರಡು ಹೋಗುತ್ತದೆ. ಹನ್ನೊಂದೆಂದು ಹಿಡಿದರೂ ಎಂಟು ವರ್ಷಕ್ಕೆ ಪೀಪಾಯಿಯ ನೂರಕ್ಕೆ ಅರುವತ್ತು ಭಾಗ ಆರಿಹೋಗಿರುತ್ತದೆ. ಅಷ್ಟೇ ನಷ್ಟಕ್ಕೆ ಸ್ಕಾಟ್ಲೆಂಡಿನಲ್ಲಿ 46 ವರ್ಷ ಬೇಕು. ಹಾಗಾಗಿ 2013ರಲ್ಲಿ ಬಂದ ಅಮೃತ್‌ನ ಎಂಟು ವರ್ಷದ 'ಗ್ರೀಡಿ ಏಂಜೆಲ್ಸ್' ಇಲ್ಲಿನ ಲೆಕ್ಕದಲ್ಲಿ ಮುದಿ ವಿಸ್ಕಿ. ಇಲ್ಲಿನ ಒಂದು ವರ್ಷ ಅಲ್ಲಿನ ಮೂರಕ್ಕೆ ಸಮ ಎಂಬ ಸುಲಭದ ಸೂತ್ರವೂ ಸಾಲದು. ಮರದಿಂದ ಬಣ್ಣ, ಒಗರು ಬೇಗ ಇಳಿಯುತ್ತವೆ, ನಿಜ. ಆದರೆ ಪೀಪಾಯಿಯೊಳಗೆ ನಿಧಾನವಾಗಿಯೇ ಆಗಬೇಕಾದ ಬದಲಾವಣೆಗಳು ಅದೇ ವೇಗದಲ್ಲಿ ಓಡುವುದಿಲ್ಲ. ಒಣ ಹವೆಯಲ್ಲಿ ನೀರು ಮುಂದಾಗಿ ಹೋಗಿ ಕಡುಪು ಏರುತ್ತದೆ, ತೇವದಲ್ಲಿ ಮದ್ಯಸಾರ ಮುಂದಾಗಿ ಹೋಗಿ ಇಳಿಯುತ್ತದೆ. ಮಾರ್ಚಿನ ಒಣಗಾಳಿ, ಆಗಸ್ಟಿನ ಜಡಿಮಳೆ ಎರಡನ್ನೂ ಕಾಣುವ ಕಂಬೀಪುರದ ಉಗ್ರಾಣದ ಬಗ್ಗೆ ಆಕರಗ್ರಂಥ ಹೇಳಬೇಕಾದ ಮೊದಲ ಮಾತು ಇದೇ ಆಗಬೇಕಿತ್ತು.

ಸ್ವೀಡನ್ನಿನ ಇಂಗ್ವರ್ ರೋಂಡೆ ಸಂಪಾದಿಸುವ 'ಮಾಲ್ಟ್ ವಿಸ್ಕಿ ಇಯರ್‌ಬುಕ್' ಈಗಿನ ಪುಸ್ತಕಗಳಲ್ಲಿ ಹೆಚ್ಚು ನಂಬಿಕೆಗೆ ಯೋಗ್ಯವಾದದ್ದು. ಒಡೆತನ, ಸಾಮರ್ಥ್ಯ, ಇಸವಿಗಳ ಪಟ್ಟಿ, ಹೊಸ ಸುದ್ದಿಗಳೆಲ್ಲ ಪ್ರತಿ ಆವೃತ್ತಿಯಲ್ಲೂ ತಿದ್ದುಪಡಿಯಾಗುತ್ತವೆ. ಬರ್ನಾರ್ಡನ ಶಿಸ್ತು ಇಲ್ಲಿ ಜೀವಂತ. ಅಲ್ಲಿಯೂ ಸ್ಕಾಟ್ಲೆಂಡಿನ ಡಿಸ್ಟಿಲರಿಗಳಿಗೆ ತಮ್ಮದೇ ಪುಟಗಳು, ಉಳಿದ ಜಗತ್ತಿಗೆ ಹಿಂದಿನ ವಿಭಾಗ. ಸ್ಕಾಟ್ಲೆಂಡಿನ ಸಂಖ್ಯೆಯೇ ದೊಡ್ಡದಿದ್ದಾಗ ಈ ಏರ್ಪಾಡು ಒಪ್ಪುವಂಥದ್ದಾಗಿತ್ತು. ಗೋವೆಯ ಪಾಲ್ ಜಾನ್, ಉತ್ತರ ಪ್ರದೇಶದ ರಾಮ್‌ಪುರ್ ಸೇರಿ ಭಾರತವೇ ಒಂದು ಅಧ್ಯಾಯ ಬೇಡುವಷ್ಟು ಬೆಳೆದ ಮೇಲೆ ಅದು ಇಕ್ಕಟ್ಟಾಗಿದೆ.

ರುಚಿಯ ಟಿಪ್ಪಣಿಗಳ ಕಷ್ಟ ಬೇರೆ. ಹೆದರ್ ಹೂವು, ಗೂಸ್‌ಬೆರಿ, ಕ್ರಿಸ್‌ಮಸ್ ಕೇಕು ಎಂದರೆ ವಿಜಯನಗರದ ಮಾರುಕಟ್ಟೆಯಲ್ಲಿ ಹಣ್ಣು ಆರಿಸುವವರಿಗೆ ಗುರುತು ಹತ್ತುವುದಿಲ್ಲ. ಹಲಸು, ಬೆಲ್ಲದ ಪಾಕ, ಒಣಶುಂಠಿ ಎಂದರೆ ಹತ್ತುತ್ತದೆ. ರಾಜಸ್ಥಾನ, ಪಂಜಾಬುಗಳ ಹೊಲದಿಂದ ಬರುವ ಆರು ಸಾಲಿನ ಬಾರ್ಲಿಯ ತೆನೆಗೂ ಯುರೋಪಿನ ಎರಡು ಸಾಲಿನ ತೆನೆಗೂ ಕಾಳಿನ ಗಾತ್ರದಲ್ಲಿ, ಹೊಟ್ಟಿನಲ್ಲಿ, ಪಿಷ್ಟದಲ್ಲಿ ವ್ಯತ್ಯಾಸವಿದೆ. ಅದು ಗ್ಲಾಸಿನವರೆಗೆ ಹೇಗೆ ಬರುತ್ತದೆ ಎಂಬುದನ್ನು ಅಂಕಪಟ್ಟಿ ಹೇಳಲಾರದು. ಅದಕ್ಕೆ ಕಂಬೀಪುರದ ತೊಟ್ಟಿ, ತಾಮ್ರದ ಪಾತ್ರೆ, ಉಗ್ರಾಣಗಳ ನಡುವೆ ಬರ್ನಾರ್ಡನಂತೆ ನಡೆದು, ಅಳೆದು ಬರೆಯುವವರು ಬೇಕು.